ಗ್ಲೌಸ್ ಹಾಕಿ ಎಂದವರೂ ಸರಿ, ತೆಗೆಯಿರಿ ಎಂದವರೂ ಸರಿ

ಸುರತ್ಕಲ್‌ನ ಓದುಗರೊಬ್ಬರ ಪತ್ರದ ಸಾರ ಇಷ್ಟು: "ಪಣಂಬೂರು ಬೀಚಿನ ಹತ್ತಿರ ನನ್ನ ಭಾವನ ಫುಡ್ ಟ್ರಕ್ ಇದೆ. ತಪಾಸಣೆಗೆ ಬಂದ ಒಬ್ಬರು ಗ್ಲೌಸ್ ಹಾಕಿ ಎಂದರು. ಆಮೇಲೆ ಬಂದ ಇನ್ನೊಬ್ಬರು, ಅದೇ ಗ್ಲೌಸಿನಲ್ಲಿ ದುಡ್ಡು ಮುಟ್ತೀರಿ, ತೆಗೆಯಿರಿ ಅಂತ ಬೈದರು. ದೊಡ್ಡ ಹೋಟೆಲುಗಳ ಅಡುಗೆಮನೆಗೆ ಯಾರೂ ಹೋಗುವುದು ಕಾಣುವುದಿಲ್ಲ. ಸಣ್ಣವರನ್ನು ಅವರ ಪಾಡಿಗೆ ಬಿಟ್ಟರೆ ಆಗದಾ?"

ಸಂಪಾದಕರ ಉತ್ತರ:

ಆಗುವುದಿಲ್ಲ ಮಾರಾಯ್ರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದದ್ದು ನೆನಪಿದೆ ಅಲ್ವಾ? ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ತಿನ್ನಲು ಸುರಕ್ಷಿತವಲ್ಲ ಎಂದು ಬಂದಿತ್ತು. ಟ್ರಕ್ಕಿನಲ್ಲಿ ತೊಂದರೆ ಇನ್ನೂ ಜಾಸ್ತಿ. ಇರುವುದೇ ಒಂದು ಟ್ಯಾಂಕ್ ನೀರು, ಹಸಿ ಕೋಳಿ ಮತ್ತು ಕರಿದ ಕಬಾಬ್ ಒಂದೇ ಹಲಗೆಯ ಆಚೆ ಈಚೆ, ಮೇಲಿಂದ ನಮ್ಮ ಮಳೆಗಾಲ, ನೊಣ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು ಎನ್ನುವ ನಿಯಮ ಇರುವುದು ಸುಮ್ನೆ ಅಲ್ಲ. ವ್ಯಾಪಾರ ಸಣ್ಣದು ಅಂತ ಹೊಟ್ಟೆ ಕೆಡದೆ ಇರುತ್ತದಾ?

ಆದರೆ ಗ್ಲೌಸಿನ ಕತೆ ಬೇರೆ. ಅಲ್ಲಿ ನಿಮ್ಮ ಭಾವನ ತಪ್ಪಿಲ್ಲ. ನೋಡಿದರೆ ಬಂದ ಇಬ್ಬರೂ ಅರ್ಧರ್ಧ ಸರಿ. ಅಡುಗೆ ಮುಟ್ಟುವ ಕೈ ಶುದ್ಧ ಇರಬೇಕು, ಅಷ್ಟೇ. ಗ್ಲೌಸ್ ಹಾಕಿಕೊಂಡು ಚಿಲ್ಲರೆ ಎಣಿಸಿದರೆ ಅದು ಬರಿಗೈಗಿಂತ ಕಡೆ. ದುಡ್ಡಿಗೆ ಬೇರೆ ಒಬ್ಬರನ್ನು ಇಡಿ ಎಂದು ಮೊದಲ ದಿನವೇ ಒಂದು ಸಾಲು ಬರೆದುಕೊಟ್ಟಿದ್ದರೆ ಎರಡನೆಯವರು ಬೈಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ನೀರು, ಎಣ್ಣೆ, ಕಸ, ಕೆಲಸದವರ ಆರೋಗ್ಯ, ಏನೇನು ನೋಡಬೇಕು ಎನ್ನುವ ಪಟ್ಟಿಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಮಾಡಿ ಇಟ್ಟಿದೆ. ಅದನ್ನು ಹಿಡಿದುಕೊಂಡು ಬರಬೇಕು, ತುಂಬಿಸಿ ಒಂದು ಪ್ರತಿ ಕೊಟ್ಟು ಹೋಗಬೇಕು. ನನ್ನ ತಕರಾರು ಇಷ್ಟೇ. ಬಾಯಿಮಾತಿನ ತಪಾಸಣೆ ತಪಾಸಣೆಯೇ ಅಲ್ಲ, ಅದರಲ್ಲಿ ಬಂದವರ ಮೂಡ್ ಹೇಗಿದೆ ಎನ್ನುವುದೇ ಕಾನೂನು.

ಕಾನೂನಿನಲ್ಲಿ ಬರೆದದ್ದು ಹಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 32ನೇ ಸೆಕ್ಷನ್ ಭಾವನಿಗೆ ಓದಿ ಹೇಳಿ. ತಪ್ಪು ಕಂಡರೆ ಅಂಕಿತಾಧಿಕಾರಿ, ಅಂದರೆ ಜಿಲ್ಲೆಯ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ, ಸುಧಾರಣಾ ನೋಟಿಸ್ ಕೊಡಬೇಕು, ಅದರಲ್ಲಿ ಏನು ತಪ್ಪು, ಏನು ಸರಿಮಾಡಬೇಕು ಎಂದು ಇರಬೇಕು, ಕನಿಷ್ಠ 14 ದಿನ ಸಮಯ ಇರಬೇಕು. ಜನರ ಜೀವಕ್ಕೇ ಅಪಾಯ ಅನ್ನುವಾಗ ಕೂಡಲೇ ನಿಲ್ಲಿಸುವ ದಾರಿ ಬೇರೆ ಇದೆ, 34ನೇ ಸೆಕ್ಷನ್. ಮಾದರಿ ತೆಗೆದರೆ ನಾಲ್ಕು ಭಾಗ ಮಾಡಬೇಕು, ವ್ಯಾಪಾರಿ ಕೇಳಿಕೊಂಡರೆ ಒಂದು ಭಾಗ ಮಾನ್ಯತೆ ಇರುವ ಲ್ಯಾಬಿಗೆ ಹೋಗುತ್ತದೆ. ಅಧಿಕಾರಿ ಕಾರಣವಿಲ್ಲದೆ ಕಾಟ ಕೊಟ್ಟದ್ದು ಸಾಬೀತಾದರೆ ಅವರಿಗೂ 1 ಲಕ್ಷದವರೆಗೆ ದಂಡ ಇದೆ. ಸುಳ್ಳು ದೂರು ಕೊಟ್ಟರೆ ದಂಡ ನಿಮಗೆ ಬೀಳುತ್ತದೆ, ಹಾಗಾಗಿ ಸಿಟ್ಟಿನಲ್ಲಿ ಬರೆಯಬೇಡಿ.

ಇನ್ನೊಂದು, ಗಾಡಿ ಹತ್ತಿರ ಬರುವವರೆಲ್ಲ ಒಂದೇ ಇಲಾಖೆಯವರಲ್ಲ. ಆಹಾರ ಸುರಕ್ಷತೆಯವರು ಬೇರೆ, ಪಾಲಿಕೆಯವರು ಬೇರೆ, ಟ್ರಾಫಿಕ್ ಪೊಲೀಸರು ಬೇರೆ. 2024ರಲ್ಲಿ ನಮ್ಮ ಮಂಗಳೂರಿನಲ್ಲಿ ಪಾಲಿಕೆಯವರು ಬೀದಿ ಬದಿಯ ಗಾಡಿಗಳನ್ನು ಎಬ್ಬಿಸಿದ ಟೈಗರ್ ಕಾರ್ಯಾಚರಣೆ ಜಾಗದ ವಿಷಯ, ಅದು ಬೀದಿ ವ್ಯಾಪಾರಿಗಳ 2014ರ ಕಾಯ್ದೆಗೆ ಸೇರಿದ್ದು. ಪಾರ್ಕಿಂಗ್ ಕೇಳಲು ಬಂದವರು ಎಣ್ಣೆ ಕಪ್ಪಾಗಿದೆ ಅಂತ ಹೆದರಿಸಿದರೆ, ಯಾವ ಇಲಾಖೆ ಸರ್ ಎಂದು ಮೆಲ್ಲಗೆ ಕೇಳಲಿ. ಗುರುತಿನ ಚೀಟಿ ನೋಡುವುದರಲ್ಲಿ ತಪ್ಪೇನಿಲ್ಲ.

ಹೋಟೆಲಿನ ಬಗ್ಗೆ ನಿಮ್ಮ ಸಿಟ್ಟು ಪೂರ್ತಿ ಅಲ್ಲದಿದ್ದರೂ ತುಂಬ ಮಟ್ಟಿಗೆ ನ್ಯಾಯವೇ. ಟ್ರಕ್ಕಿನ ಒಲೆ ರಸ್ತೆಗೆ ಕಾಣುತ್ತದೆ, ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕಿದರೆ ಮರುದಿನ ಜೀಪು ಬರುತ್ತದೆ. ಹೋಟೆಲಿನ ಒಲೆ ಇರುವುದು ಬಾಗಿಲ ಹಿಂದೆ, ಅಲ್ಲಿಗೆ ಹೋದವರು ನಿಮ್ಮ ಕಣ್ಣಿಗೆ ಬೀಳುವುದೂ ಕಷ್ಟ. ನೋಂದಣಿ ಇರುವ ಸಣ್ಣ ವ್ಯಾಪಾರವನ್ನು ವರ್ಷಕ್ಕೆ ಒಮ್ಮೆಯಾದರೂ ನೋಡಬೇಕು ಎಂದು 2011ರ ನಿಯಮದಲ್ಲೇ ಇದೆ. ವಿಡಿಯೋ ಬರಲಿ ಬಿಡಲಿ, ಸರದಿ ಪ್ರಕಾರ ಟ್ರಕ್ಕಿಗೂ ಹೋಟೆಲಿಗೂ ಮೊದಲೇ ಹೇಳದೆ ಹೋಗಲಿ, ಫಲಿತಾಂಶ ಬಾಗಿಲಿಗೆ ಅಂಟಿಸಲಿ. ಯಾವ ಹೋಟೆಲನ್ನು ಯಾವಾಗ ನೋಡಿದ್ದೀರಿ ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಕೇಳಬಹುದು. ಉತ್ತರ ಬಂದರೆ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

ಅಂದ ಹಾಗೆ, ಟ್ರಕ್ಕಿನ ನೀರಿನ ಟ್ಯಾಂಕ್ ಯಾವಾಗ ತೊಳೆದದ್ದು ಎಂದು ನೀವು ಬರೆದಿಲ್ಲ. ಅದನ್ನೂ ಭಾವನ ಹತ್ತಿರ ಕೇಳಿ ಬರೆಯಿರಿ.