ಉಪಗ್ರಹವೂ ಮಾಡೆಲ್ಲೂ ಒಂದೇ ಹೇಳ್ತಿವೆ, ಬಾಟಲಿ ಮಾತ್ರ ಬೇರೆ: ಅಳಿವೆಯ ಕ್ಲೋರೊಫಿಲ್ ಬಗ್ಗೆ ಉತ್ತರ

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆ ಓದಿದೆ. ಜೋರು ಮಳೆ ನಿಂತ ಮೇಲೆ ಅಳಿವೆಯ ಬಾಯಲ್ಲಿ ಸೆಂಟಿನೆಲ್-3 ಉಪಗ್ರಹದ ಚಿತ್ರ ಘನ ಮೀಟರಿಗೆ 25 ಮಿಲಿಗ್ರಾಂ ಕ್ಲೋರೊಫಿಲ್ (ಪಾಚಿಯ ಹಸಿರು ವಸ್ತು) ತೋರಿಸಿದೆ. ನೀವು ಕಂಪ್ಯೂಟರಿನಲ್ಲಿ ಓಡಿಸಿದ, ಪಾಚಿ ಬೆಳೆಯುವುದನ್ನು ಲೆಕ್ಕ ಹಾಕುವ ಮಾಡೆಲ್ ಕೂಡ ಅಲ್ಲೇ ಪಾಚಿ ಹಬ್ಬಿದೆ ಅಂದಿದೆ. ನೀವು ತಂದ ಬಾಟಲಿಯ ನೀರನ್ನು ಲ್ಯಾಬಿನಲ್ಲಿ ಅಳೆದಾಗ ಮಾತ್ರ 3 ಬಂದಿದೆ. ಎರಡು ಸಾಕ್ಷಿ ಒಂದು ಕಡೆ ಇರುವಾಗ ಬಾಟಲಿಯೇ ತಪ್ಪಿರಬೇಕು ಅಲ್ವಾ ಅಂತ ಕೇಳಿದ್ದೀರಿ.

ಬಾಟಲಿಯ ನೀರು ಸೋಸಿದ ಫಿಲ್ಟರನ್ನು ಬಿಸಿಲಿಗೆ ಬಿಡದೆ, ಕತ್ತಲಲ್ಲಿ ತಣ್ಣಗೆ ಇಟ್ಟು ಲ್ಯಾಬಿಗೆ ಕೊಟ್ಟಿದ್ದರೆ ನಾನು ಬಾಟಲಿಯನ್ನೇ ನಂಬುತ್ತೇನೆ. ಉಪಗ್ರಹ ಮತ್ತು ಮಾಡೆಲ್ ಇಲ್ಲಿ ಎರಡು ಸಾಕ್ಷಿಗಳಲ್ಲ. ಹೊಳೆ ತಂದ ಕೆಸರು ಮತ್ತು ಎಲೆ ಕೊಳೆತು ಬಂದ ಕಂದು ಬಣ್ಣ, ಇವೆರಡೂ ಸೇರಿ ಉಪಗ್ರಹಕ್ಕೆ ಮೋಸ ಮಾಡಿವೆ. ಮಾಡೆಲ್ಲಿಗೆ ಅವು ನೀರಲ್ಲಿವೆ ಅನ್ನುವುದೇ ಗೊತ್ತಿಲ್ಲ.

ಮೊದಲು ಉಪಗ್ರಹದ ಕಥೆ. ಅದು ಕ್ಲೋರೊಫಿಲ್ ಅಳೆಯುವುದಿಲ್ಲ, ನೀರಿನಿಂದ ವಾಪಸ್ ಬರುವ ಬೆಳಕನ್ನು ಅಳೆಯುತ್ತದೆ. ಪಾಚಿ ನೀಲಿಯನ್ನು ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಆ ನೀಲಿ-ಹಸಿರು ಅನುಪಾತದಿಂದ ಕ್ಲೋರೊಫಿಲ್ ಲೆಕ್ಕ ಹಾಕುತ್ತಾರೆ. ತೆರೆದ ಸಮುದ್ರದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ, ಯಾಕಂದ್ರೆ ಅಲ್ಲಿ ನೀರಿನ ಬಣ್ಣ ಬದಲಾಗುವುದು ಬಹುಪಾಲು ಪಾಚಿಯಿಂದಲೇ. 1977ರಲ್ಲಿ ಮೊರೆಲ್ ಮತ್ತು ಪ್ರಿಯರ್ ಎಂಬ ವಿಜ್ಞಾನಿಗಳು ಅಂಥ ನೀರನ್ನು ಕೇಸ್-1 ಅಂತ ಕರೆದು, ಉಳಿದದ್ದನ್ನು ಕೇಸ್-2 ಅಂತ ಬೇರೆ ಮಾಡಿದ್ದು ಇದಕ್ಕೇ. ನಿಮ್ಮ ಅಳಿವೆ ಪಕ್ಕಾ ಕೇಸ್-2. ಕರಗಿದ ಕಂದು ವಸ್ತು ಕೂಡ ನೀಲಿಯನ್ನೇ ಹೀರುತ್ತದೆ. ಸೂತ್ರ ಅದನ್ನೂ ಪಾಚಿಯ ಲೆಕ್ಕಕ್ಕೆ ಸೇರಿಸುತ್ತದೆ.

ಸಾಲದ್ದಕ್ಕೆ ಗಾಳಿಯ ತೊಂದರೆ. ಉಪಗ್ರಹಕ್ಕೆ ತಲುಪುವ ನೀಲಿ ಬೆಳಕಿನಲ್ಲಿ ನೂರರಲ್ಲಿ ಸುಮಾರು 90 ಭಾಗ ವಾತಾವರಣದ್ದು, ನೀರಿನದ್ದು 10ರ ಆಸುಪಾಸು. ಗಾಳಿಯ ಪಾಲನ್ನು ಕಳೆಯುವ ಹಳೆಯ ವಿಧಾನ, ಇನ್‌ಫ್ರಾರೆಡ್ ಹತ್ತಿರದ ಬೆಳಕಿನಲ್ಲಿ ನೀರು ಪೂರ್ತಿ ಕಪ್ಪು ಅಂತ ಊಹಿಸಿಕೊಳ್ಳುತ್ತದೆ. ಕೆಸರು ನೀರು ಅಲ್ಲೂ ಹೊಳೆಯುತ್ತದೆ. ಆಗ ಜಾಸ್ತಿ ಕಳೆದುಹೋಗಿ ನೀಲಿ ಇನ್ನಷ್ಟು ಕಡಿಮೆಯಾಗುತ್ತದೆ, ಕ್ಲೋರೊಫಿಲ್ ಇನ್ನಷ್ಟು ಏರುತ್ತದೆ. ಈಗಿನ ಸಂಸ್ಕರಣೆ ಇದನ್ನು ಸರಿಪಡಿಸಲು ನೋಡುತ್ತದೆ. ಆದರೂ ದಡದ ಹತ್ತಿರ, ಅದರಲ್ಲೂ ಮಳೆ ಬಂದ ಮೇಲೆ, ಪೂರ್ತಿ ನಂಬಬೇಡಿ.

ಪರೀಕ್ಷೆ ಮಾಡುವುದು ಸುಲಭ. ಉಪಗ್ರಹ ಚಿತ್ರಗಳನ್ನು ನೋಡುವ ಸ್ನ್ಯಾಪ್ ತಂತ್ರಾಂಶದಲ್ಲಿ ಅದೇ ಫೈಲ್ ತೆಗೆಯಿರಿ. ಲೆವೆಲ್-2, ಅಂದರೆ ಸಂಸ್ಕರಿಸಿದ, ನೀರಿನ ಫೈಲಿನಲ್ಲಿ ಎರಡು ಕ್ಲೋರೊಫಿಲ್ ಇರುತ್ತವೆ: ಒಂದು ಓಸಿ4ಎಂಇ, ತೆರೆದ ಸಮುದ್ರಕ್ಕೆ, ಇನ್ನೊಂದು ಎನ್‌ಎನ್, ಕರಾವಳಿಯಂಥ ಕದಡಿದ ನೀರಿಗೆ. ನೀವು ನೋಡಿದ್ದು ಮೊದಲನೆಯದು ಅಂತ ನನ್ನ ಅನುಮಾನ. ಎರಡನ್ನೂ ಪಕ್ಕಪಕ್ಕ ಇಡಿ. ಒಂದು 25, ಇನ್ನೊಂದು 4 ಅಂದರೆ ಅಲ್ಲೇ ಉತ್ತರ ಸಿಕ್ಕಿತು. ಫ್ಲ್ಯಾಗ್‌ಗಳನ್ನೂ (ಪಿಕ್ಸೆಲ್ ಎಷ್ಟು ನಂಬಲರ್ಹ ಅಂತ ಹೇಳುವ ಗುರುತುಗಳು) ತಪ್ಪದೆ ನೋಡಿ.

ಆಮೇಲೆ ಆ ಪಿಕ್ಸೆಲ್ಲಿನ ಪೂರ್ತಿ ರೋಹಿತವನ್ನು (ಯಾವ ಬಣ್ಣದ ಬೆಳಕು ಎಷ್ಟಿದೆ ಅನ್ನುವ ಗೆರೆ) ತೆಗೆಯಿರಿ. ನನಗೆ ತುಂಬ ಇಷ್ಟವಾದ ಕೆಲಸ ಇದು. ನಿಜವಾಗಿ 25 ಮಿಲಿಗ್ರಾಂ ಇದ್ದರೆ 665 ನ್ಯಾನೋಮೀಟರ್ ಸುತ್ತ ಒಂದು ತಗ್ಗು, 709ರಲ್ಲಿ ಸಣ್ಣ ಏರು ಕಾಣಬೇಕು. ಪಾಚಿ ಕೆಂಪನ್ನು ಹೀರಿದ ಗುರುತು ಅದು, ಕಂದು ವಸ್ತುವಿಗೆ ಅದನ್ನು ನಕಲು ಮಾಡಲು ಬರುವುದಿಲ್ಲ. ಗೆರೆ 560ರಿಂದ 709ರವರೆಗೆ ಸುಮ್ನೆ ನುಣ್ಣಗೆ ಇಳಿದಿದ್ದರೆ ಅದು ಕೆಸರು. 412ರಲ್ಲಿ ಬೆಲೆ ಸೊನ್ನೆಗಿಂತ ಕೆಳಗಿದ್ದರೆ ಗಾಳಿಯ ಲೆಕ್ಕವೇ ಕೆಟ್ಟಿದೆ, ಆ ಪಿಕ್ಸೆಲ್ಲನ್ನು ಬಿಟ್ಟುಬಿಡಿ.

ಈಗ ಮಾಡೆಲ್. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ನೀವು ಹಾಕಿದ ಫೆನೆಲ್ ಮಾಡೆಲ್ಲಿನಲ್ಲಿ ಬೆಳಕು ಕುಂದುವ ಲೆಕ್ಕ ಸರಳ: ಶುದ್ಧ ನೀರಿಗೆ ಮೀಟರಿಗೆ 0.04, ಮೇಲೆ ಪ್ರತಿ ಮಿಲಿಗ್ರಾಂ ಕ್ಲೋರೊಫಿಲ್‌ಗೆ ಸುಮಾರು 0.025. ಅಷ್ಟೇ. ಕ್ಲೋರೊಫಿಲ್ 3 ಇದ್ದರೆ ಒಟ್ಟು 0.115 ಆಯಿತು. ಮೇಲಿನ ಬೆಳಕಿನ ಶೇ. 1 ಉಳಿಯುವ ಆಳ ಬೇಕಿದ್ದರೆ 4.6 ಅನ್ನು ಇದರಿಂದ ಭಾಗಿಸಿ: 40 ಮೀಟರ್. ನೀರು ಎಷ್ಟು ತಿಳಿ ಅಂತ ನೋಡಲು ಇಳಿಬಿಡುವ ನಿಮ್ಮ ಸೆಕ್ಕಿ ತಟ್ಟೆ ಅದೇ ದಿನ 2 ಮೀಟರಿಗೇ ಮರೆಯಾಗಿದೆ ಅಂತ ಬರೆದಿದ್ದೀರಿ. 1.7 ಅನ್ನು ಸೆಕ್ಕಿ ಆಳದಿಂದ ಭಾಗಿಸುವ ಹಳೆಯ ಲೆಕ್ಕದಲ್ಲಿ ಬೆಳಕು ಕುಂದುವ ಪ್ರಮಾಣ ಮೀಟರಿಗೆ 0.85 ಬರುತ್ತದೆ. ಅಂದರೆ ನಿಜವಾದ ಬೆಳಕಿನ ಆಳ ಐದೂವರೆ ಮೀಟರ್ ಅಷ್ಟೇ. ಕದಡಿದ ನೀರಿನಲ್ಲಿ 1.7ರ ಬದಲು 1.4 ಹಾಕುವವರೂ ಇದ್ದಾರೆ. ಆಗಲೂ ಆರೂವರೆ ಮೀಟರಿನ ಆಸುಪಾಸು ಅಷ್ಟೇ.

ಹೊಳೆ ಗೊಬ್ಬರದಂಶ ತಂದು ಸುರಿಯುತ್ತಿದೆ, ಮಾಡೆಲ್ಲಿನ ಕಣ್ಣಿಗೆ ನೀರು ತಿಳಿಯಾಗಿದೆ. ಪಾಚಿ ಬಾಯಲ್ಲೇ ಬೆಳೆಯದೆ ಇನ್ನೇನು? ನಿಜದಲ್ಲಿ ಅಲ್ಲಿ ಪಾಚಿಗೆ ಬೆಳಕಿಲ್ಲ. ಕೆಸರು ತಳಕ್ಕೆ ಕೂತು, ಪೋಷಕಾಂಶ ಇನ್ನೂ ಉಳಿದಿರುವ ಜಾಗ ಸ್ವಲ್ಪ ಹೊರಗಿರುತ್ತದೆ. ನಾನಾಗಿದ್ದರೆ ಬ್ಲೂಮನ್ನು, ಅಂದರೆ ಹಬ್ಬಿದ ಪಾಚಿಯನ್ನು, ಅಲ್ಲಿ ಹುಡುಕುತ್ತಿದ್ದೆ. ಮುಂದಿನ ಸಲ ಬಾಟಲಿಯನ್ನು ಕಂದು ನೀರು ಹಸಿರಾಗುವ ಗೆರೆಯ ಆಚೆಗೂ ಒಂದು ತುಂಬಿಸಿ.

ಮಾಡೆಲ್ ಸರಿಮಾಡಲು ದೊಡ್ಡ ಬದಲಾವಣೆ ಬೇಡ. ಬೆಳಕು ಕುಂದುವ ಸೂತ್ರಕ್ಕೆ ಎರಡು ಪದ ಸೇರಿಸಿ. ಕಂದು ವಸ್ತುವನ್ನು ಉಪ್ಪಿನಂಶಕ್ಕೆ ಕಟ್ಟಿ: ಹೊಳೆ ನೀರು ಸಮುದ್ರದ ಜೊತೆ ಬೆರೆತಂತೆ ಉಪ್ಪು ಏರುತ್ತದೆ, ಕಂದು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಇಳಿಯುತ್ತದೆ. ಕೆಸರಿಗೆ ಇನ್ನೊಂದು ಪದ. ಗುಣಾಂಕಗಳನ್ನು ಬೇರೆ ಯಾವುದೋ ಸಮುದ್ರದಿಂದ ಎರವಲು ತರಬೇಡಿ. ನಿಮ್ಮದೇ ಸೆಕ್ಕಿ, ಉಪ್ಪು ಮತ್ತು ಕೆಸರಿನ ಅಳತೆಗಳಿಂದ ಹೊಂದಿಸಿ. ಒಂದು ಋತುವಿನ ಅಳತೆ ಇನ್ನೊಂದಕ್ಕೆ ಆಗದೇ ಇರಬಹುದು, ಮಳೆಗಾಲ ಮತ್ತು ಬೇಸಿಗೆಯನ್ನು ಬೇರೆಯಾಗಿಯೇ ಇಡಿ.

ಇದಾದ ಮೇಲೆ ಮಾಡೆಲ್ಲನ್ನು ಉಪಗ್ರಹದ ಕ್ಲೋರೊಫಿಲ್ ಜೊತೆ ಹೋಲಿಸುವುದನ್ನು ನಿಲ್ಲಿಸಿ ಅಂತ ನನ್ನ ಒತ್ತಾಯ. ಬೆಳಕನ್ನು ಬೆಳಕಿನ ಜೊತೆ ಹೋಲಿಸಿ. ಮಾಡೆಲ್ಲಿನ ಪಾಚಿ, ಕೆಸರು, ಕಂದು ಮೂರರಿಂದ, ಜೊತೆಗೆ ಶುದ್ಧ ನೀರಿನಿಂದ, ಹೀರುವಿಕೆ ಮತ್ತು ಹಿಂಚದುರುವಿಕೆ (ಬೆಳಕು ಚದುರಿ ಹಿಂದಕ್ಕೆ ತಿರುಗುವುದು) ಲೆಕ್ಕ ಹಾಕಿ. ಹಿಂಚದುರುವಿಕೆಯನ್ನು ಎರಡರ ಮೊತ್ತದಿಂದ ಭಾಗಿಸಿದರೆ ನೀರಿನ ಪ್ರತಿಫಲನ ಹೇಗಿರಬೇಕು ಅನ್ನುವುದು ಸಿಗುತ್ತದೆ. ಅದನ್ನು 490, 560, 665ರಲ್ಲಿ ಉಪಗ್ರಹದ ಎದುರು ಇಡಿ. ತಪ್ಪು ಪಾಚಿಯದ್ದೋ ಕೆಸರಿನದ್ದೋ ಅಂತ ಆಗ ಬಿಡಿಸಿ ಕಾಣುತ್ತದೆ. ಒಂದೇ ಒಂದು ಕ್ಲೋರೊಫಿಲ್ ಸಂಖ್ಯೆಯಲ್ಲಿ ಅದೆಲ್ಲ ಮುಚ್ಚಿಹೋಗುತ್ತದೆ.

ಬಾಟಲಿ ತುಂಬುವ ಹೊತ್ತೂ ಮುಖ್ಯ. ಸೆಂಟಿನೆಲ್-3 ಬೆಳಿಗ್ಗೆ ಸ್ಥಳೀಯ ಸೌರ ಸಮಯ 10ರ ಸುಮಾರಿಗೆ ಹಾದುಹೋಗುತ್ತದೆ. ತೆರೆದ ಸಮುದ್ರದಲ್ಲಿ ಮೂರು ಗಂಟೆ ಆಚೀಚೆ ಆದರೂ ನಡೆಯುತ್ತದೆ. ಅಳಿವೆಯಲ್ಲಿ ನೀರು ಸೆಕೆಂಡಿಗೆ ಅರ್ಧ ಮೀಟರ್ ಹರಿದರೆ ಮೂರು ಗಂಟೆಯಲ್ಲಿ 5.4 ಕಿ.ಮೀ. ಹೋಗಿರುತ್ತದೆ, ಅಂದರೆ 300 ಮೀಟರಿನ 18 ಪಿಕ್ಸೆಲ್. ಅರ್ಧ ಗಂಟೆಯ ಒಳಗೆ ಇಟ್ಟುಕೊಳ್ಳಿ, ಉಬ್ಬರವೋ ಇಳಿತವೋ ಬರೆದಿಡಿ. ದಡಕ್ಕೆ ಅಂಟಿದ ಪಿಕ್ಸೆಲ್ ಬೇಡ, ನೆಲದ ಬೆಳಕು ಅದರೊಳಗೆ ಸೋರಿರುತ್ತದೆ.

2024ರಲ್ಲಿ ಹಾರಿದ ಪೇಸ್ ಉಪಗ್ರಹ ಬಳಸಬಹುದಾ ಅಂತಲೂ ಕೇಳಿದ್ದೀರಿ. ಅದರ ರೋಹಿತ ಬಹಳ ಸೂಕ್ಷ್ಮ. ಆದರೆ ಪಿಕ್ಸೆಲ್ ಒಂದು ಕಿ.ಮೀ.ಗೂ ಸ್ವಲ್ಪ ಮೇಲೆ, ಕಿರಿದಾದ ಬಾಯಿಗೆ ಆಗುವುದಿಲ್ಲ. ಹೊರಗಿನ ನೀರಿಗೆ ಖಂಡಿತ ಬಳಸಿ.

ಆ ದಿನದ ಪಿಕ್ಸೆಲ್ ರೋಹಿತ, ಎರಡೂ ಕ್ಲೋರೊಫಿಲ್ ಬೆಲೆ, ಸೆಕ್ಕಿ ಆಳ, ಉಪ್ಪಿನಂಶ, ಬಾಟಲಿ ತುಂಬಿದ ಸಮಯ ಇಲ್ಲಿ ಹಾಕಿ. ಎರಡು ಗುಣಾಂಕಗಳನ್ನು ಹೊಂದಿಸುವ ಲೆಕ್ಕವನ್ನು ಇಲ್ಲೇ ಒಟ್ಟಿಗೆ ಮಾಡೋಣ.