ಜನರೇಟರ್ ಹಾಕಿದಾಗಿಂದ ಮನೆಯವರಿಗೆಲ್ಲ ತಲೆನೋವು: ಪ್ರತಿಕ್ರಿಯೆ

ಬಹುಶಃ ಕಾರ್ಬನ್ ಮೊನಾಕ್ಸೈಡ್, ಅಂದ್ರೆ ಜನರೇಟರಿನ ಹೊಗೆಯಲ್ಲಿರುವ ವಿಷಾನಿಲ. ಚಂಡಮಾರುತಕ್ಕೆ ಕರೆಂಟ್ ಹೋಗಿ, ಗ್ಯಾರೇಜಿನಲ್ಲಿ ಜನರೇಟರ್ ಹಾಕಿದ ಮೇಲೆ ಮೂವರಿಗೂ ತಲೆನೋವು ಅಂದಿದ್ದೀರಿ. ನಿದ್ದೆಗೆಟ್ಟರೂ ತಲೆ ನೋಯುತ್ತೆ ನಿಜ, ಆದರೆ ಎಲ್ಲರಿಗೂ ಒಟ್ಟಿಗೆ ಅಂದ್ರೆ ಸುಮ್ನೆ ಕಾಯಬೇಡಿ.

ಈಗಲೇ ಹೊರಗೆ ಬನ್ನಿ. ಮಲಗಿದವರನ್ನೂ ಎಬ್ಬಿಸಿ. ಆಫ್ ಮಾಡಲೆಂದು ಗ್ಯಾರೇಜಿಗೆ ನುಗ್ಗಬೇಡಿ. ಹೊರಗಿನಿಂದಲೇ ತುರ್ತು ಸೇವೆಗೆ ಫೋನ್ ಮಾಡಿ. ಈ ಅನಿಲಕ್ಕೆ ವಾಸನೆಯೇ ಇಲ್ಲ, ಮೂಗನ್ನು ನಂಬಬೇಡಿ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಟ್ಟರೂ ಸಾಲದು. ನಾನೂ ಅದನ್ನೇ ನಂಬಿಕೊಂಡು, ವಾಂತಿ ಬಂದ ಮೇಲೆ ಎಚ್ಚೆತ್ತವನು.

ಒಳಗೆ ಹೋಗಬಹುದು ಅಂತ ತುರ್ತು ಸೇವೆಯವರು ಹೇಳಿದ ಮೇಲೆ ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯತ್ತ ಬಾರದ ಹಾಗೆ ಇಡಿ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ.