ಲ್ಯಾಬ್‌ನಲ್ಲಿ ಸೂಜಿ ಚುಚ್ಚಿದರೆ

ಪ್ರಶ್ನೆ: ನಮ್ಮದು ಐದು ಜನರ ಸಣ್ಣ ರಕ್ತಪರೀಕ್ಷಾ ಲ್ಯಾಬ್. ಸೂಜಿ ಚುಚ್ಚುವ ಅಪಾಯ ತಗ್ಗಿಸುವುದು ಹೇಗೆ? ವೈದ್ಯರ ಸಂಘಗಳು ಇದರಲ್ಲಿ ಏನು ಮಾಡಬಹುದು?

ಉತ್ತರ: ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸವನ್ನು ಇಂದೇ ಬಿಡಿಸಿ. ಗುರಿ ತಪ್ಪಿದ ಸೂಜಿ ನೇರ ಮುಚ್ಚಳ ಹಿಡಿದ ಬೆರಳಿಗೇ ನುಗ್ಗುತ್ತದೆ. ಬಳಸಿದ ಸೂಜಿ ಹಾಕುವ, ತೂತು ಬೀಳದ ಬಿಳಿ ಡಬ್ಬಿ ರಕ್ತ ತೆಗೆಯುವ ಕುರ್ಚಿಯ ಪಕ್ಕದಲ್ಲೇ, ಕೈಗೆಟುಕುವಂತಿರಲಿ. ಮುಕ್ಕಾಲು ತುಂಬಿದೊಡನೆ ಮುಚ್ಚಿಬಿಡಿ; ತುಂಬಿದ ಡಬ್ಬಿಗೆ ತುರುಕುವಾಗಲೂ ಚುಚ್ಚುತ್ತದೆ.

ಚುಚ್ಚಿದರೆ ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಜಿಲ್ಲಾಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ಮೀರಬಾರದು. ಕೋರ್ಸ್ 28 ದಿನ, ನಡುವೆ ನಿಲ್ಲಿಸುವಂತಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸಿಬ್ಬಂದಿಗೆ ತರಬೇತಿ, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸುವುದು ನಿಮ್ಮದೇ ಹೊಣೆ. ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳಿಗೆ. ಮೂರನೆಯದನ್ನು ಮರೆಯುವವರೇ ಜಾಸ್ತಿ, ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ.

ಕೇರಳದಲ್ಲಿ ಭಾರತೀಯ ವೈದ್ಯಕೀಯ ಸಂಘವೇ ಪಾಲಕ್ಕಾಡಿನಲ್ಲಿ 'ಇಮೇಜ್' ಎಂಬ ವೈದ್ಯಕೀಯ ತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟಿ, ಸರ್ಕಾರದ ನಿಯಮದಡಿ ಆಸ್ಪತ್ರೆ, ಲ್ಯಾಬ್‌ಗಳ ತ್ಯಾಜ್ಯ ಒಯ್ಯುತ್ತಿದೆ. ನಿಮ್ಮೂರಿನ ಸಂಘದ ಶಾಖೆಯನ್ನೂ ತರಬೇತಿಗಾಗಿ ಕೇಳಿ.